ಅಪ್ಪನ ಕೈಯಲ್ಲಿದ್ದ ಗೇರು

“ಈ ಮನೇಲಿ ಎರಡು ಕೆಟ್ಟು ನಿಂತವೆ ಕಣಣ್ಣ. ಒಂದು ಹಿತ್ತಲಲ್ಲಿರೋ ಗಾಡಿ, ಇನ್ನೊಂದು ನಿನ್ನ ಮಗಳು,” ಅಂದ ಚಿಕ್ಕಪ್ಪ. ನಾನು ಅಲ್ಲೇ ಕೂತು ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದೆ. ನನ್ನ ಕಿವಿಗೆ ಬೀಳಲಿ ಅಂತಲೇ ಆಡಿದ ಮಾತು ಅದು. ಅಪ್ಪ ಜಗಲಿಯ ಮಂಚದ ಮೇಲೆ ಕೂತು ಬೀದಿ ನೋಡುತ್ತಿದ್ದ.

ಅರವತ್ತರ ದಶಕದ ಮೊದಲ ವರ್ಷಗಳು. ದಿಬ್ಬೂರಹಳ್ಳಿಯ ಹತ್ತಿರದ ಊರು ನಮ್ಮದು. ಗಂಡ ಅನ್ನಿಸಿಕೊಂಡವನು ಕುಡಿದು ಬಂದು ಬಾರುಕೋಲಿನಲ್ಲಿ ಹೊಡೆದ ಮಾರನೇ ದಿನ, ಉಟ್ಟ ಸೀರೆಯಲ್ಲೇ ಚಿಂತಾಮಣಿಯಲ್ಲಿ ಬಸ್ಸು ಹತ್ತಿ ತವರಿಗೆ ಬಂದಿದ್ದೆ. ಅದರ ಹಿಂದಿನ ವರ್ಷವಷ್ಟೆ ಅಪ್ಪನಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿದ್ದವು. ಅವತ್ತಿನಿಂದ ಮನೆಯ ಯಜಮಾನಿಕೆ ಚಿಕ್ಕಪ್ಪನದು. ಅಪ್ಪನ ಪಿಕಪ್ಪು ಹೊಂಗೆಮರದ ಕೆಳಗೆ ನಿಂತದ್ದೂ ಅವತ್ತಿನಿಂದಲೇ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಗಾಡಿ ಅದು. ಯಾರದೋ ತೋಟದಲ್ಲಿ ದುಡಿದು ಹಳತಾದದ್ದನ್ನು ಅಪ್ಪ ಬೆಂಗಳೂರಿನಿಂದ ಓಡಿಸಿಕೊಂಡು ಬಂದಿದ್ದ. ಊರಿನ ರೇಷ್ಮೆಗೂಡನ್ನೆಲ್ಲ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರುತ್ತಿದ್ದುದು ಅದೇ. ಈಗ ಅದರ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು.

ಚಿಕ್ಕಪ್ಪ ತೀರ್ಮಾನ ಹೇಳಿಬಿಟ್ಟ. ಯುಗಾದಿ ಬೆಳೆಯ ಗೂಡು ಬಿಡಿಸಿದ ಮೇಲೆ ಗಾಡಿ ಗುಜರಿಗೆ, ನಾನು ಗಂಡನ ಮನೆಗೆ.

“ಗಾಡಿ ಓಡಿದ್ರೆ?” ಅಂದೆ.

“ಓಡಿದ್ರೆ ಅದೂ ಇರ್ಲಿ, ನೀನೂ ಇರು. ಆದ್ರೆ ಗೂಡು ತುಂಬ್ಕೊಂಡು ಶಿಡ್ಲಘಟ್ಟ ಮುಟ್ಟಬೇಕು. ಎತ್ತು ಕಟ್ಟಿ ಎಳ್ಸೋ ಹಂಗಿಲ್ಲ,” ಅಂದು ನಕ್ಕ. ಆಗಲಿ ಅಂದೆ. ಇನ್ನೂ ದೀಪಾವಳಿ ಕಳೆದಿತ್ತಷ್ಟೆ, ನನಗೆ ಚಳಿಗಾಲ ಪೂರ್ತಿ ಇತ್ತು.

ನಿಜವಾದ ತಕರಾರು ಬಂದದ್ದು ಅಜ್ಜಿಯಿಂದ. ಹುಳದ ಮನೆ ಅಜ್ಜಿಯ ರಾಜ್ಯ. ಹುಳಕ್ಕೆ ವಾಸನೆ ಆಗಿಬರುವುದಿಲ್ಲ. ಬೀಡಿ ಸೇದಿದವರು, ಹೂ ಮುಡಿದವರು, ಒಗ್ಗರಣೆ ಹಾಕಿ ಕೈ ತೊಳೆಯದವರು, ಯಾರನ್ನೂ ಅವಳು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಇನ್ನು ಪೆಟ್ರೋಲು ಅಂದರೆ ಕೇಳಬೇಕೆ!

“ಏಮೇ, ಆ ಗಬ್ಬು ಹೊತ್ಕೊಂಡು ಒಳಕ್ಕೆ ಬಂದ್ರೆ ಹುಳ ಎಲ್ಲಾ ಸತ್ತೋಗ್ತವೆ. ಹುಳ ಬೇಕೋ ಗಾಡಿ ಬೇಕೋ, ಒಂದು ಹೇಳ್ಬಿಡು.”

“ಎರಡೂ ಬೇಕಜ್ಜಿ. ಗೂಡೇ ಇಲ್ದಿದ್ರೆ ಗಾಡಿ ಏನನ್ನ ಹೊರ್ತದೆ?”

ಆಮೇಲೆ ನನ್ನ ದಿನಚರಿಯೇ ಹಾಗಾಯಿತು. ಗಾಡಿಯ ಕೆಲಸಕ್ಕೆ ಒಂದು ಹರಕು ಸೀರೆ. ಅದು ಮುಗಿಯುತ್ತಲೇ ಬಾವಿಕಟ್ಟೆಯಲ್ಲಿ ಸೀಗೆಪುಡಿ ತಿಕ್ಕಿ ತಣ್ಣೀರು ಸ್ನಾನ, ಬೇರೆ ಹಗ್ಗದ ಮೇಲೆ ಒಣಗಿಸಿದ ಇನ್ನೊಂದು ಸೀರೆ. ಆಮೇಲೆ ಅಜ್ಜಿಯ ಮುಂದೆ ಹಾಜರಿ. ಅವಳು ನನ್ನ ಜಡೆ ಮೂಸಿ, ಅಂಗೈ ಮೂಸಿ, “ಉಗುರು ಸಂದಿ ಇನ್ನೂ ನಾರ್ತದೆ, ನಡಿ” ಅಂತ ಮತ್ತೆ ಬಾವಿಗೆ ಅಟ್ಟುತ್ತಿದ್ದಳು. ಧನುರ್ಮಾಸದ ಚಳಿಯಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದವು. ಬಿಟ್ಟರೆ ಕೇಳಿ ಅಂತ ನಾನೂ ಹಟ ಹಿಡಿದೆ.

ಕೆಲಸ ನನಗೆ ತೀರಾ ಹೊಸದಲ್ಲ. ಚಿಕ್ಕಂದಿನಲ್ಲಿ ಅಪ್ಪ ಬಾನೆಟ್ಟು ಎತ್ತಿದಾಗಲೆಲ್ಲ ಸ್ಪ್ಯಾನರು ಕೊಡುತ್ತಿದ್ದವಳು ನಾನೇ. ಈಗ ಅಪ್ಪ ಮಂಚದ ಮೇಲಿಂದ ಹೇಳುತ್ತಿದ್ದ, ಅದೂ ಕೇಳಿದರೆ ಮಾತ್ರ. ಇಲಿ ಕಡಿದಿದ್ದ ವೈರನ್ನೆಲ್ಲ ಬದಲಾಯಿಸಿದೆ. ಕಾರ್ಬುರೇಟರು ಬಿಚ್ಚಿ ತೊಳೆದೆ. ಹಿಂದುಗಡೆಯ ಲಡ್ಡಾಗಿದ್ದ ಹಲಗೆ ಕಿತ್ತು ಜಾಲಿಮರದ ಹಲಗೆ ಹೊಡೆಸಿದೆ. ದೀಪದ ಹಿತ್ತಾಳೆ ಬಳೆಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದೆ. ಬ್ಯಾಟರಿಯನ್ನು ಬಸ್ಸಿನ ಟಾಪಿಗೆ ಹಾಕಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗಿ ಚಾರ್ಜು ಮಾಡಿಸಿ ತಂದೆ. ಮದುವೆಗೆ ಹಾಕಿದ್ದ ಓಲೆ ಮಾರಿ ಟೈರು ತಂದೆ. ನನ್ನ ಕಿವಿಗಿಂತ ಗಾಡಿಗೇ ಅವು ಹೆಚ್ಚು ಉಪಯೋಗಕ್ಕೆ ಬಂದವು.

ಎಡವಟ್ಟಾದದ್ದು ರೇಡಿಯೇಟರಿನಲ್ಲಿ. ನೀರು ತೊಟ್ಟಿಕ್ಕುತ್ತಿತ್ತು. “ಸೂಜಿಯಷ್ಟು ತೂತು ಕಣಮ್ಮ, ಒಂದು ಚಿಟಿಕೆ ಅರಿಶಿನ ಹಾಕು, ಕಚ್ಕೊಂತದೆ,” ಅಂದ ಅಪ್ಪ. ನಾನು ರಾಗಿ ತಿಂದು ಬೆಳೆದ ಸೀಮೆಯವಳು. ಅರಿಶಿನಕ್ಕೇ ನಿಲ್ಲುವ ನೀರು ರಾಗಿಹಿಟ್ಟಿಗೆ ಇನ್ನೂ ಗಟ್ಟಿಯಾಗಿ ನಿಲ್ಲದೆ ಇರುತ್ತದೆಯೇ ಅಂದುಕೊಂಡು ಬೊಗಸೆ ತುಂಬ ಸುರಿದೆ. ಗಾಡಿಯ ಮೂತಿಗೆ ಹ್ಯಾಂಡಲ್ ತೂರಿಸಿ ತಿರುಗಿಸಿದೆ. ಇಂಜಿನ್ನು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಊರೇ ಬಂದು ಸುತ್ತ ನಿಂತಿತು. ಸ್ವಲ್ಪ ಹೊತ್ತಿಗೆ ಕೊತಕೊತ ಸದ್ದು, ಮುಚ್ಚಳದ ಸಂದಿಯಿಂದ ಬಿಸಿಬಿಸಿ ಅಂಬಲಿ ಉಕ್ಕಿ ಬಾನೆಟ್ಟಿನ ಮೇಲೆಲ್ಲ ಹರಿಯಿತು.

“ಉಪ್ಪು ಹಾಕಿದ್ಯೇನಮ್ಮ? ಬಸ್ಸಾರು ತರ್ಸ್ಲಾ?” ಅಂದ ಚಿಕ್ಕಪ್ಪ.

ನೆರೆದವರು ಬಿದ್ದು ಬಿದ್ದು ನಕ್ಕರು. ನಾನು ಅವರ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ರೇಡಿಯೇಟರು ಬಿಚ್ಚಿ ಬಾವಿಕಟ್ಟೆಗೆ ಹೊತ್ತುಕೊಂಡು ಹೋಗಿ, ತಿಳಿನೀರು ಬರುವ ತನಕ ತೊಳೆದೆ. ಆಮೇಲೆ ಅಪ್ಪ ಹೇಳಿದ ಹಾಗೆ ಒಂದು ಚಿಟಿಕೆ ಅರಿಶಿನ. ನೀರು ನಿಂತಿತು. ಸುದ್ದಿ ಕೇಳಿ ಜಗಲಿಯ ಮೇಲೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಲಕ್ವ ಹೊಡೆದ ಮೇಲೆ ಅವನು ನಕ್ಕದ್ದು ಅವತ್ತೇ. ಅಂಬಲಿ ಉಕ್ಕಿದ್ದಕ್ಕೂ ನನಗೆ ಬೇಸರ ಉಳಿಯಲಿಲ್ಲ.

ಇನ್ನು ಓಡಿಸುವುದು. ಸ್ಟೇರಿಂಗು ಎಷ್ಟು ಗಡಸು ಅಂದರೆ ನನ್ನ ಎರಡೂ ಕೈ ಅದಕ್ಕೇ ಬೇಕು. ಗೇರಿಗೆ ಕೈ ಎಲ್ಲಿಂದ ತರಲಿ? ಅಪ್ಪನನ್ನು ಹೊತ್ತು ತಂದು ಎಡಗಡೆ ಸೀಟಿನಲ್ಲಿ ಕೂರಿಸಿದೆ. ಅವನ ಬಲಗೈ ನೆಟ್ಟಗೆ ಗೇರಿನ ಮೇಲೆ ಬಂತು. ನಾನು ಕ್ಲಚ್ಚು ಒತ್ತಿ “ಹಾಕಪ್ಪ” ಅನ್ನುವುದು, ಅವನು ಹಾಕುವುದು. ರಾಗಿ ಒಕ್ಕುವ ಕಣದಲ್ಲಿ ಸುತ್ತಿ ಸುತ್ತಿ ರೂಢಿ ಮಾಡಿಕೊಂಡೆವು. ಲೈಸೆನ್ಸು? ಆಮೇಲೆ ಮಾಡಿಸಿಕೊಂಡೆ, ಬಿಡಿ.

ಯುಗಾದಿ ಬೆಳೆ ಚೆನ್ನಾಗಿ ಬಂತು. ಒಂದು ತಟ್ಟೆ ಹುಳವೂ ಕೆಡಲಿಲ್ಲ. ಗೂಡು ತುಂಬಿದ ಮೇಲೆ ಅಜ್ಜಿ ಗಾಡಿಯ ಮೂತಿಗೆ ಕುಂಕುಮ ಇಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು, “ಪೋಯಿರಾ ತಲ್ಲೀ, ಹೋಗಿ ಬಾ” ಅಂದಳು. ಚಿಕ್ಕಪ್ಪ ನಮ್ಮ ಜೊತೆ ಕೂರಲು ಒಪ್ಪದೆ ಮುಂಚಿನ ಬಸ್ಸಿಗೇ ಹೋಗಿದ್ದ.

ದಾರಿಯುದ್ದಕ್ಕೂ ಜನ ನಿಂತು ನೋಡಿದರು. ನೋಡಲಿ ಅಂತ ಹಾರನ್ ಹೊಡೆದೆ. ಶಿಡ್ಲಘಟ್ಟ ಮುಟ್ಟಿದೆವು. ಗೂಡು ಇಳಿಸಿ ಮಾರಿದ್ದೂ ಆಯಿತು.

ಮಾರುಕಟ್ಟೆಯ ಗೇಟಿನ ಹತ್ತಿರ ಚಿಕ್ಕಪ್ಪ ನಿಂತಿದ್ದ. ಪಕ್ಕದಲ್ಲಿ ನನ್ನ ಗಂಡ, ಬಿಳಿ ಪಂಚೆ ಉಟ್ಟುಕೊಂಡು.

“ಅಳಿಯಂದಿರು ಬಂದವ್ರೆ, ಅವರ ಜೊತೆ ಹೋಗಮ್ಮ. ಗಾಡಿ ಓಡ್ತದಲ್ಲ, ಇನ್ನು ಗುಜರಿಗೆ ಯಾಕೆ, ಒಳ್ಳೆ ಬೆಲೆಗೇ ಹೋಗ್ತದೆ,” ಅಂದ.

ಮೈಯೆಲ್ಲ ಉರಿದುಹೋಯಿತು. “ಮಾತು ಕೊಟ್ಟಿದ್ಯಲ್ಲ ಚಿಕ್ಕಪ್ಪ!”

“ಹೆಣ್ಮಕ್ಕಳ ಹತ್ರ ಆಡಿದ್ದೂ ಒಂದು ಮಾತಾ?”

ನಾನು ಹ್ಯಾಂಡಲ್ ತೆಗೆದುಕೊಂಡು ಗಾಡಿಯ ಮುಂದಕ್ಕೆ ಹೋದೆ. ಗಂಡ ಬಂದು ಬಾನೆಟ್ಟಿಗೆ ಅಡ್ಡ ನಿಂತ.

“ಪಕ್ಕಕ್ಕೆ ನಿಂತ್ಕೊ. ಹ್ಯಾಂಡಲ್ ವಾಪಸ್ ಒದ್ರೆ ಮೊಣಕಾಲು ಮುರೀತದೆ,” ಅಂದೆ.

ಒಂದು ಹೆಜ್ಜೆ ಸರಿದ, ಅಷ್ಟೆ. ಇಂಜಿನ್ನು ಹತ್ತಿಕೊಳ್ಳುತ್ತಲೇ ಮತ್ತೆ ಎದುರಿಗೆ ಬಂದು ನಿಂತ. ನಾನು ಹತ್ತಿ ಕೂತು ಕ್ಲಚ್ಚು ಒತ್ತಿದೆ. “ಹಾಕಪ್ಪ” ಅನ್ನಲು ಬಾಯೇ ಬರಲಿಲ್ಲ. ಭಯ ಆಯಿತು. ಗಾಡಿ ನಿಂತೇ ಇತ್ತು, ಗೇರು ನಾನೇ ಹಾಕಿಕೊಳ್ಳಬಹುದಿತ್ತು. ಆದರೆ ಲಕ್ವ ಹೊಡೆದ ದಿನದಿಂದ ತಮ್ಮನ ಎದುರು ಒಂದು ಮಾತೂ ಆಡದ ಅಪ್ಪ ಈಗ ಕೈ ಹಿಂದಕ್ಕೆ ತೆಗೆದುಬಿಟ್ಟರೆ, ನಾನು ಹೋಗುವುದಾದರೂ ಯಾರ ಮನೆಗೆ?

“ಅಣ್ಣ, ಇಳಿ ಕೆಳಕ್ಕೆ,” ಅಂದ ಚಿಕ್ಕಪ್ಪ.

ಅಪ್ಪ ತಮ್ಮನನ್ನು ನೋಡಿದ. ಎದುರಿಗೆ ನಿಂತಿದ್ದ ಅಳಿಯನನ್ನು ನೋಡಿದ.

“ನಿನ್ನ ಬಸ್ಸು ಹೊರಡ್ತದೆ, ಹೋಗಿ ಹತ್ಕೊ,” ಅಂದ ತಮ್ಮನಿಗೆ. ಆಮೇಲೆ ನನ್ನ ಕಡೆ ತಿರುಗಿ, “ಕ್ಲಚ್ಚು ಒತ್ತಿದ್ದೀಯೇನಮ್ಮ?”

“ಒತ್ತಿದ್ದೀನಪ್ಪ.”

ಅಪ್ಪ ಗೇರು ಹಾಕಿದ. ಅಡ್ಡ ನಿಂತಿದ್ದವನು ತಾನಾಗೇ ಪಕ್ಕಕ್ಕೆ ಹೋದ.