ಗೊತ್ತಿಲ್ಲ ಎಂದ ಡಾಕ್ಟರ್ ಬಾಯಾರು

ಬಾಯಾರು ಎಂದೇ ನಾವು ಕರೆಯುತ್ತಿದ್ದ ಕೊಪ್ಪಳದ ಲೇಡಿ ಡಾಕ್ಟರರ ಹೆಬ್ಬೆರಳು ನಡುಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಕಾಮಾಲೆಯ ಅನುಮಾನ ಬಂದರೆ ಟ್ಯೂಬ್‌ಲೈಟನ್ನು ಅವರು ನಂಬುತ್ತಿರಲಿಲ್ಲ. ಬಂದವರ ಕೈಹಿಡಿದು ದವಾಖಾನೆಯ ಕಟ್ಟೆಗೆ ಕರೆತಂದು, ಬಿಸಿಲಿಗೆ ನಿಲ್ಲಿಸಿ, ಕೆಳಗೆ ನೋಡಲು ಹೇಳಿ ಆ ಹೆಬ್ಬೆರಳಿನಿಂದ ಮೇಲಿನ ರೆಪ್ಪೆ ಎತ್ತುತ್ತಿದ್ದರು. ಹಾದಿಯವರೆಲ್ಲ ನಿಂತು ನೋಡುತ್ತಿದ್ದರು. ನಾಚಿ ಹಿಡಿಯಾಗುತ್ತಿದ್ದವರು ನಾವು, ಅವರಿಗೆ ಅದರ ಪರಿವೆಯೇ ಇರಲಿಲ್ಲ.

ತವರಿನಿಂದ ಕೂಸನ್ನು ಎತ್ತಿಕೊಂಡು ಗಂಡನ ಊರು ಅಳವಂಡಿಗೆ ಬಂದ ಹೊಸದರಲ್ಲೇ ನನ್ನ ಕಣ್ಣು ಹಳದಿಗೆ ತಿರುಗಿದವು. ಅತ್ತೆ ಊಟದಲ್ಲಿ ಎಣ್ಣೆ, ಅರಿಶಿನ ಬಿಡಿಸಿದರು. ಎ, ಬಿ, ಸಿ, ಇ ಎಂದು ಕಾಮಾಲೆಯ ವೈರಸ್‌ಗಳಿಗೆಲ್ಲ ರಕ್ತ ಪರೀಕ್ಷೆಯಾಯಿತು, ಒಂದೂ ಸಿಗಲಿಲ್ಲ. ಬಾಯಾರು ರಕ್ತವನ್ನು ದೂರದ ದೊಡ್ಡ ಲ್ಯಾಬಿಗೆ ಕಳಿಸಿದರು. ಅಲ್ಲಿ 'ಜಿ' ಎಂಬ, ನಾವ್ಯಾರೂ ಕೇಳರಿಯದ ವೈರಸ್ ಸಿಕ್ಕಿತು. ಅಂದೇ ಅತ್ತೆ ಕೂಸನ್ನು ನನ್ನ ಮಡಿಲಿನಿಂದ ಎತ್ತಿಕೊಂಡು ಆಕಳ ಹಾಲು ಹಾಕತೊಡಗಿದರು. ಕೆಟ್ಟವರಲ್ಲ, ಹೆದರಿದ್ದರು. ನಾನು ಅವರಿಗಿಂತ ಹೆದರಿದ್ದೆ. ಕೂಸು ಅತ್ತಾಗ ಎದೆ ಸೋರುತ್ತಿತ್ತು, ಎದ್ದುಹೋಗಿ ಎತ್ತಿಕೊಳ್ಳಲು ಧೈರ್ಯವಿರಲಿಲ್ಲ.

ಮರುದಿನ ಇಬ್ಬರೂ ಬಾಯಾರ ಮುಂದೆ ಕೂತೆವು. ಇದು ಲಿವರ್ ಕೆಡಿಸುತ್ತದೆಯೇ, ಹಾಲಿನಿಂದ ಕೂಸಿಗೆ ಹತ್ತುತ್ತದೆಯೇ ಎಂದು ಅತ್ತೆ ಕೇಳಿದರು.

"ಖರೇ ಹೇಳ್ತೀನ್ರಿ. ಇದು ಭಾಳ ಮಂದಿ ರಕ್ತದಾಗ ಸುಮ್ಮನ ಇರತೈತಿ. ಲಿವರ್ ಕೆಡಿಸಿದ್ದು ಇದ ಅನ್ನಾಕ ಆಧಾರ ಇಲ್ಲ. ಕಳುವಾದ ಮನಿ ಮುಂದ ಒಬ್ಬ ನಿಂತಿದ್ನಂತ ಅವನ್ನ ಕಳ್ಳ ಅನ್ನಾಕ ಬರ್ತೈತೇನ್ರಿ?"

"ಮತ್ತ ಕಳ್ಳ ಯಾರ್ರಿ?" ಎಂದರು ಅತ್ತೆ.

"ಗೊತ್ತಿಲ್ರಿ."

ನನಗೆ ಸಿಟ್ಟೇ ಬಂತು. ಗೊತ್ತಿಲ್ಲ ಎಂಬುದನ್ನು ಕೇಳಲು ಅಷ್ಟು ದೂರ ಬರಬೇಕಿತ್ತೇ? ಅಷ್ಟರಲ್ಲಿ ಬಾಯಾರು ಅತ್ತೆಯ ತೋಳಿನಿಂದ ಕೂಸನ್ನು ತೆಗೆದು ನನ್ನ ಮಡಿಲಲ್ಲಿಟ್ಟರು. "ಹಾಲು ಬಿಡಸಾಕ ನನಗ ಕಾರಣ ಕಾಣವಲ್ದು. ಕುಡಸವ್ವಾ. ಇಬ್ರೂ ತಿಂಗಳಾ ತಿಂಗಳಾ ಬರ್ರಿ, ನಾ ನೋಡ್ಕೋತ ಇರ್ತೀನಿ."

ಅಲ್ಲೇ ಕುಡಿಸಿದೆ. ಅತ್ತೆ ತಾವೇ ಸೆರಗು ಅಡ್ಡ ಹಿಡಿದು ನಿಂತರು.

ಹಳದಿ ಇಳಿಯಿತು, ಯಾಕೆ ಬಂದಿತ್ತೆಂಬುದು ಕೊನೆಗೂ ತಿಳಿಯಲಿಲ್ಲ. ತಿಂಗಳಿಗೊಮ್ಮೆ ಆ ಕಟ್ಟೆಯ ಮೇಲೆ ಮೊದಲು ಮಗಳ ಕಣ್ಣು, ಆಮೇಲೆ ನನ್ನವು. ಬಾಯಾರು ರೆಪ್ಪೆ ಎತ್ತಿ ನೋಡಿ, "ಇವತ್ತ ಬೆಳ್ಳಗದಾವು" ಎನ್ನುತ್ತಿದ್ದರು. 'ಇವತ್ತ' ಎಂಬುದನ್ನು ಎಂದೂ ಬಿಟ್ಟು ಹೇಳಲಿಲ್ಲ.

ಹೋದ ವರ್ಷ ಬಾಯಾರು ತೀರಿಕೊಂಡರು. ಅವರಿಗೆ ಮಣ್ಣು ಕೊಟ್ಟು ಬಂದು, ತಲೆಗೆ ನೀರು ಹಾಕಿಕೊಂಡು, ಸಾಲೆಯಿಂದ ಬಂದ ಮಗಳನ್ನು ಅಂಗಳದ ಬಿಸಿಲಿಗೆ ಕರೆದೆ. ಕೆಳಗೆ ನೋಡಲು ಹೇಳಿ ಹೆಬ್ಬೆರಳಿನಿಂದ ರೆಪ್ಪೆ ಎತ್ತಿದೆ. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಹೆಂಗದಾವು?" ಎಂದು ಕೇಳಿದರು.

"ಇವತ್ತ ಬೆಳ್ಳಗದಾವ್ರಿ" ಎಂದೆ.