ಬೋರೋವ್ಕಾದ ಪೈನ್ ಕಾಡಿನ ಹಳದಿ ಬೆಳಕು

ಉಸ್ತಿನ್ಯಾ ಪೈನ್ ಮರದ ಬೇರುಗಳನ್ನು ಗುಂಡಿಯಲ್ಲಿ ಸುಟ್ಟು, ಗಾಡಿಗಳಿಗೆ ಹಾಕುವ ಕೀಲೆಣ್ಣೆ ಇಳಿಸುತ್ತಿದ್ದಳು. ಬೋರೋವ್ಕಾ ಹಳ್ಳಿಯವರಿಗೆಲ್ಲ ಅದೇ ಕಸುಬು. ಹೊಗೆ ಕುಡಿದೂ ಕುಡಿದೂ ಅಲ್ಲಿ ಯಾರ ಮೂಗಿಗೂ ಹೊಗೆಯ ವಾಸನೆ ಹತ್ತುತ್ತಿರಲಿಲ್ಲ.

ಇಪ್ಪತ್ತು ವರ್ಷದ ಹಿಂದೆ ಅವಳ ಗಂಡ ನಿಕಾನ್ ಜೌಗಿನ ಅಂಚಿನಲ್ಲಿ ನಡೆಯುತ್ತಿದ್ದಾಗ ಹಸಿರು ಪಾಚಿಯ ನೆಲವೇ ಕುಸಿದಿತ್ತು. ಕೆಳಗೆ ಬರೀ ಕೆಂಡ. ಜೌಗಿನಡಿ ಒಣಗಿದ ಬೇರು-ಪಾಚಿಯ ಮಣ್ಣಿಗೇ ಹತ್ತಿ, ಮೇಲಿನ ಹುಲ್ಲು ಬಾಡದಂತೆ ಒಳಗೊಳಗೇ ಉರಿಯುವ ಬೆಂಕಿ ಅದು. ಅಂದಿನಿಂದ ಉಸ್ತಿನ್ಯಾ ಕೋಲಿನಿಂದ ನೆಲ ಚುಚ್ಚಿ ನೋಡದೆ ಕಾಡಿನಲ್ಲಿ ಹೆಜ್ಜೆ ಇಟ್ಟವಳಲ್ಲ.

ಆ ಬೇಸಿಗೆ ಒಂದು ಹನಿ ಮಳೆ ಬೀಳಲಿಲ್ಲ. ಅವಳ ಮನೆಯಲ್ಲಿ ಲವ್ರೆಂತಿ ಎಂಬ ಪಟ್ಟಣದ ಚಿತ್ರಕಾರ ಇಳಿದುಕೊಂಡಿದ್ದ. ದಿನವೂ ಮಧ್ಯಾಹ್ನ ಜೌಗಿನ ಅಂಚಿಗೆ ಹೋಗಿ ಪೈನ್ ಮರಗಳನ್ನು ಬರೆಯುತ್ತಿದ್ದ. ಒಂದು ದಿನ ಕರಿ ರೊಟ್ಟಿ ಕೊಡಲು ಹೋದವಳು ಕ್ಯಾನ್ವಾಸಿನ ಮುಂದೆ ನಿಂತುಬಿಟ್ಟಳು. ಮರಗಳ ನಡುವಿನ ನೆರಳಿಗೆ ಕಂದು ಹಳದಿ ಬಣ್ಣ ಬಂದಿತ್ತು. ಬುಡದಲ್ಲಿ ಬೆಳಕು ಕೆಟ್ಟ ಹಾಲಿನಂತೆ ನಿಂತಿತ್ತು.

"ಧಣಿ, ಮೊದ್ಲು ಇಲ್ಲಿ ನೀಲಿ ಹಚ್ಚಿದ್ರಲ್ಲ?"

"ಹೌದಮ್ಮ. ನಾಲ್ಕು ದಿನದಿಂದ ಬೆಳಕೇ ಹಿಂಗಾಗಿದೆ. ಕಂಡಿದ್ದನ್ನ ಬರ್ದಿದೀನಿ. ಇಂಥದ್ದು ನಾನೆಲ್ಲೂ ನೋಡಿಲ್ಲ."

"ನಾನು ನೋಡಿದೀನಿ, ನನ್ನ ಗಂಡ ಹೋದ ವರ್ಷ," ಎಂದಳು.

ತಲೆಯೆತ್ತಿದಳು. ಕಾಡೂ ಚಿತ್ರದಂತೆಯೇ ಇತ್ತು. ದಿನವೂ ನೋಡುವ ಕಣ್ಣಿಗೆ ಅದು ಗೊತ್ತೇ ಆಗಿರಲಿಲ್ಲ. ಒಂದು ಹಕ್ಕಿಯ ದನಿಯೂ ಇಲ್ಲ. ನೆರಳಿನ ಪಾಚಿಯ ಮೇಲೆ ಅಂಗೈ ಇಟ್ಟರೆ ಜ್ವರದ ಮೈಯ ಕಾವು.

ನೆಲದಡಿ ಬೆಂಕಿ ಬಂದಿದೆ, ಊರು ಬಿಡಬೇಕು ಎಂದು ಅವಳು ಹೋಗಿ ಹೇಳಿದರೆ ಊರ ಹಿರಿಯ ಸಿಸೋಯ್ ನಕ್ಕುಬಿಟ್ಟ. "ಚಿತ್ರ ನೋಡಿ ಊರು ಬಿಡ್ಬೇಕೇನಕ್ಕ? ನಾಳೆ ಅವ್ನು ತೋಳ ಬರೆದ್ರೆ ಕುರಿ ಒಳಗೆ ಕಟ್ಬೇಕಾ?"

ಅವಳು ವಾದಕ್ಕೆ ನಿಲ್ಲಲಿಲ್ಲ. ರಟ್ಟೆ ಹಿಡಿದು ಎಳೆದೊಯ್ದು, ಜೌಗಿನಂಚಿನಲ್ಲಿ ಕೋಲು ಊರಿ ಕಿತ್ತಳು. ತುದಿ ಕರಿಕಾಗಿ ಹೊಗೆಯಾಡುತ್ತಿತ್ತು. ಸಿಸೋಯ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಊರ ಕಡೆ ಓಡಿದ. ಜನ ಮಕ್ಕಳನ್ನೂ ಹಸುಗಳನ್ನೂ ಕರೆದುಕೊಂಡು ಹೊಳೆ ದಾಟತೊಡಗಿದರು.

ಚಿತ್ರಕಾರ ಮಾತ್ರ ಕಾಡಿನ ಒಳಕ್ಕೆ ಸರಿದು ಕೂತಿದ್ದ. ಉಸ್ತಿನ್ಯಾ ನೆಲ ಚುಚ್ಚುತ್ತಾ ಅವನ ಬಳಿ ಹೋದಳು.

"ಇನ್ನೊಂದು ಗಂಟೆ ಅಮ್ಮ. ಈ ಬೆಳಕು ನಾಳೆ ಸಿಗಲ್ಲ."

"ನಾಳೆ ನೀವೂ ಸಿಗಲ್ಲ, ಏಳಿ!"

ಅವನು ನಕ್ಕ. ಅಷ್ಟರಲ್ಲಿ ಎದುರಿಗಿದ್ದ ದೊಡ್ಡ ಪೈನ್ ಮರ, ಗಾಳಿಯೇ ಇಲ್ಲದೆ, ಮೆಲ್ಲಗೆ ವಾಲಿ ಮಲಗಿತು. ಬೇರುಗಳಿರಬೇಕಾದ ಜಾಗದಲ್ಲಿ ಕೆಂಪು ಗುಳಿ. ಅವನ ಕೈಯಿಂದ ಕುಂಚ ಬಿತ್ತು. ಚಿತ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದ.

"ನಾನು ಕಾಲಿಟ್ಟಲ್ಲೇ ಇಡಿ. ಬೇರೆಲ್ಲೂ ಇಡ್ಬೇಡಿ," ಎಂದಳು. ಹಿಂದೆ ಇನ್ನೊಂದು ಮರ ಬಿದ್ದ ಸದ್ದಾಯಿತು. ಇಬ್ಬರೂ ತಿರುಗಿ ನೋಡಲಿಲ್ಲ.

ಸಂಜೆ ಗಾಳಿ ಎದ್ದಿತು, ಬೆಂಕಿಯೂ ಮೇಲೆದ್ದಿತು. ಕಾಡಿನ ಮಗ್ಗುಲಿನ ಹನ್ನೊಂದು ಮನೆಗಳು ಉರಿದುಹೋದವು. ಅದರಲ್ಲಿ ಉಸ್ತಿನ್ಯಾಳದೂ ಒಂದು. ಜನ ಉಳಿದರು.

ಲವ್ರೆಂತಿ ಹೊರಡುವಾಗ ಚಿತ್ರವನ್ನು ಅವಳಿಗೇ ಕೊಡಲು ಬಂದ. "ಬೇಡ ಧಣಿ. ಅದನ್ನ ಗೋಡೆಗೆ ಹಾಕಿ ನಾನು ಹೆಂಗೆ ಊಟ ಮಾಡ್ಲಿ?" ಎಂದಳು.

ಅವಳು ಹೊಳೆಯಾಚೆ ನಾದಿನಿಯ ಮನೆ ಸೇರಿದಳು. ಚಳಿಗಾಲ ಬಂತು, ಮೊಣಕಾಲುದ್ದ ಹಿಮ ಬಿತ್ತು. ಬೆಂಕಿ ಸತ್ತಿತೆಂದು ಊರವರು ಪ್ರಾರ್ಥನೆ ಮಾಡಿಸಿದರು. ಮರುದಿನ ಉಸ್ತಿನ್ಯಾ ನೀರಿಗೆ ಹೋದಾಗ, ಕಾಡಿದ್ದ ಆಚೆ ದಡದ ಬಿಳಿ ಹಿಮದ ನಡುವೆ ಅಲ್ಲಲ್ಲಿ ಕರಿಯ ತೂತುಗಳಿದ್ದವು. ಒಂದೊಂದರಿಂದಲೂ ತೆಳ್ಳಗೆ ಹೊಗೆ ಏಳುತ್ತಿತ್ತು.