ಮಾವಶಿ ಹಚ್ಚಿದ ಡಬ್ಬಿ

ಖಾನಾಪುರದ ನಮ್ಮ ಆಸ್ಪತ್ರೆಯ ಸಹಾಯಕರ ಕೋಣೆಯಲ್ಲಿ, ಬಾಗಿಲ ಮೇಲ್ಗಡೆ, ಒಂದು ಖಾಲಿ ಮೊಳೆ ಇದೆ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ನಾನು ಬೆಳಗಾವಿಯಿಂದ ಅಲ್ಲಿಗೆ ಹೋಗುತ್ತೇನೆ. ಆ ಮೊಳೆಯ ಕೆಳಗೆ ಹಾಯ್ದೇ ನನ್ನ ಯಂತ್ರದ ಕೋಣೆಗೆ ಹೋಗಬೇಕು. ಬೇರೆ ದಾರಿ ಇದ್ದಿದ್ದರೆ ಎಂದೋ ಹಿಡಿಯುತ್ತಿದ್ದೆ.

ಮೊಳೆ ಹೊಡೆದವಳು ಬಸವಣ್ಣೆವ್ವ. ಹದಿನಾಲ್ಕು ವರ್ಷ ಆ ಆಸ್ಪತ್ರೆಯ ನೆಲ ಒರೆಸಿದಳು, ಗಾಲಿ ಕುರ್ಚಿ ನೂಕಿದಳು, ಹೆರಿಗೆಗೆ ಬಂದವರ ಬೆನ್ನು ತಿಕ್ಕಿದಳು. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಇಂಥ ಹೆಂಗಸರನ್ನು ಕನ್ನಡದವರೂ ಮರಾಠಿಯವರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಾರೆ. ಬಹಳ ಮಂದಿಗೆ ಅದು ಕೆಲಸದ ಹೆಸರು ಅಷ್ಟೇ. ಬಸವಣ್ಣೆವ್ವ ಮಾತ್ರ ಅದನ್ನು ಖರೇ ಸಂಬಂಧ ಎಂದು ಹಿಡಿದು ಕುಳಿತಿದ್ದಳು. ಹಣೆಯ ತುಂಬ ವಿಭೂತಿ, ಬಾಯಿ ಬಲು ಜೋರು. ಮೂಲೆಯಲ್ಲಿ ಉಗುಳಿದ ಗಂಡಸರನ್ನು ಅವರ ಹೆಂಡಿರ ಎದುರಿಗೇ ಬೈಯುತ್ತಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ ಪಡಸಾಲೆಗೆ ಹೋಗಿ, ಅಲ್ಲಿ ಕುಳಿತವರನ್ನು ಉಂಡಿರಾ ಎಂದು ಕೇಳದೆ ಒಂದು ತುತ್ತೂ ಬಾಯಿಗಿಡುತ್ತಿರಲಿಲ್ಲ. ಸಂಜೆ ಮನೆಗೆ ಹೊರಟಾಗ ವಾರ್ಡಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ "ಬರ್ತೀನ್ರೆವಾ" ಎನ್ನುವುದು ಆಕೆಯ ರೂಢಿ.

ಇನ್ನು ನಾನು. ಹೆಸರು ರಾಮಲಿಂಗ, ಇದೇ ತಾಲೂಕಿನ ಹಳ್ಳಿಯವನು. ಅಪ್ಪ ಈಗಲೂ ಕುರಿ ಕಾಯುತ್ತಾನೆ. ನಮ್ಮ ಮನೆತನದಲ್ಲಿ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಮೊದಲನೆಯ ಮನುಷ್ಯ ನಾನೇ. ಬೆಳಗಾವಿಯ ಶಿವಬಸವ ನಗರದಲ್ಲಿ ಒಂದು ಬಾಡಿಗೆ ಕೋಣೆ. ಊರೊಳಗಿನ ದೊಡ್ಡ ಆಸ್ಪತ್ರೆ, ಖಾನಾಪುರದ ಅದರ ಸಣ್ಣ ಶಾಖೆ, ಎರಡೂ ಕಡೆಯ ಕಂಪ್ಯೂಟರ್ ಜಾಲ ನೋಡಿಕೊಳ್ಳುವುದು ನನ್ನ ಕೆಲಸ. ವರ್ಷವರ್ಷವೂ ನವೀಕರಿಸಬೇಕಾದ ಗುತ್ತಿಗೆ ನೌಕರಿ.

ಖಾನಾಪುರದ ಯಂತ್ರದ ಕೋಣೆಗೆ ಕಿಟಕಿ ಇಲ್ಲ. ಗೋಡೆಯ ಮೇಲೆ ಇಪ್ಪತ್ನಾಲ್ಕು ತೂತಿನ ಒಂದು ಸ್ವಿಚ್ಚು, ಕೆಳಗೆ ಒಂದು ಸ್ಟೂಲು. ಸಹಾಯಕರ ಕೋಣೆ ದಾಟಿಯೇ ಒಳಗೆ ಬರಬೇಕಾದ್ದರಿಂದ ಬಸವಣ್ಣೆವ್ವನ ಕೈಯಿಂದ ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ. ನಾಲ್ಕು ವರ್ಷ ಆಕೆಯ ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ ತಿಂದಿದ್ದೇನೆ. ಉಪ್ಪು ತಿಂದ ಮನೆ ಅಂತ ಯಾವುದನ್ನಾದರೂ ಕರೆಯಬೇಕಾದರೆ ಆ ಕೋಣೆಯನ್ನೇ ಕರೆಯಬೇಕು.

ಆಸ್ಪತ್ರೆಯದು ದಪ್ಪ ಕಲ್ಲಿನ ಗೋಡೆಗಳ ಹಳೆಯ ಕಟ್ಟಡ. ಪಡಸಾಲೆಯಲ್ಲಿ ಫೋನಿಗೆ ಸಿಗ್ನಲ್ ಬರುತ್ತಿರಲಿಲ್ಲ. ಗುಂಜಿಯ ಕಡೆಯ ಕಾಡಂಚಿನ ಊರುಗಳಿಂದ ಹೆರಿಗೆಗೆ ಬಂದವರು, ಮಗು ಹುಟ್ಟಿತೆಂದು ಮನೆಗೆ ತಿಳಿಸಲು ರಸ್ತೆಯ ತನಕ ಓಡಬೇಕಿತ್ತು. ಮೂರು ವರ್ಷದ ಕೆಳಗೆ ಒಂದು ಮಧ್ಯಾಹ್ನ ನಾನು ಊಟಕ್ಕೆ ಕುಳಿತಾಗ ಬಸವಣ್ಣೆವ್ವ ಚೀಲದಿಂದ ಒಂದು ಹಳೆಯ ವೈಫೈ ಡಬ್ಬಿ ತೆಗೆದಳು.

"ರಾಮೂ, ನನ್ನ ಮಗಳು ಪೂರ್ಣಿಮಾ ಹೊಸಾದು ಹಾಕ್ಸ್ಯಾಳ. ಇದು ಸುಮ್ನ ಬಿದ್ದಿತ್ತು. ಇಲ್ಲಿ ಹಚ್ಚಿದ್ರ ಕುಂತ ಮಂದಿ ಮನಿಗೆ ಒಂದು ಮಾತರ ಹೇಳ್ತಾರ. ಹಚ್ಚಲೇನೋ?"

ಬೆಳಗಾವಿಯ ಲಿಖಿತ ಅನುಮತಿ ಇಲ್ಲದೆ ಜಾಲಕ್ಕೆ ಏನನ್ನೂ ಜೋಡಿಸಬಾರದು, ಜೋಡಿಸಿದವರ ಕೆಲಸ ಹೋಗುತ್ತದೆ ಎಂಬ ನಿಯಮವಿತ್ತು. ಅದನ್ನು ಟೈಪು ಮಾಡಿ ಗೋಡೆಗೆ ಅಂಟಿಸಿದವನು ನಾನೇ. ಆದರೆ ಬಾಯಲ್ಲಿ ಆಕೆಯ ರೊಟ್ಟಿ ಇತ್ತು.

"ಹಚ್ಚರಿ ಮಾವಶಿ, ಏನೂ ಆಗೂದಿಲ್ಲ," ಎಂದೆ. ಅಷ್ಟೇ ಅಲ್ಲ, ಕೈ ತೊಳೆದು ಬಂದು ವೈರನ್ನೂ ನಾನೇ ಜೋಡಿಸಿದೆ. ಆಕೆ ಮೊಳೆ ಹೊಡೆದಳು, ನಾನು ಡಬ್ಬಿ ತೂಗುಹಾಕಿದೆ.

ಆ ಡಬ್ಬಿಯ ಹಿಂದೆ ಐದು ತೂತು, ಒಂದು ನೀಲಿ, ನಾಲ್ಕು ಹಳದಿ. ವೈರು ನೀಲಿಯಲ್ಲಿದ್ದರೆ ಡಬ್ಬಿ ಆಸ್ಪತ್ರೆಯ ಜಾಲದಿಂದ ಪಡೆದು ಪಡಸಾಲೆಯ ಜನಕ್ಕೆ ಹಂಚುತ್ತದೆ. ಹಳದಿಗೆ ಹಾಕಿದರೆ ತಾನೇ ಯಜಮಾನನೆಂದುಕೊಂಡು ಆಸ್ಪತ್ರೆಯ ಕಂಪ್ಯೂಟರುಗಳಿಗೇ ಹಂಚಲು ನಿಲ್ಲುತ್ತದೆ. ನಾನು ನೀಲಿಗೆ ಹಾಕಿದೆ, ಯಾಕೆಂದು ಮಾತ್ರ ಆಕೆಗೆ ಹೇಳಲಿಲ್ಲ. ಊಟವಾದ ಮೇಲೆ ನಿದ್ದೆ ಎಳೆಯುತ್ತಿತ್ತು.

ಡಬ್ಬಿ ಎರಡು ವರ್ಷ ಯಾವ ತಕರಾರೂ ಇಲ್ಲದೆ ನಡೆಯಿತು. ಪಡಸಾಲೆಯಲ್ಲಿ ಕೂಸಿನ ಮುಖವನ್ನು ಫೋನಿನಲ್ಲಿ ತೋರಿಸುತ್ತ ಅಳುವವರನ್ನೂ ನಗುವವರನ್ನೂ ಬಸವಣ್ಣೆವ್ವ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಆಗಿನ ಆಕೆಯ ಗತ್ತು ನೋಡಬೇಕಿತ್ತು.

ಕಳೆದ ವರ್ಷ ಮಹಾನವಮಿ ಬಂತು. ಖಂಡೆ ಪೂಜೆಯ ದಿನ ನಮ್ಮಲ್ಲಿ ಕುಡುಗೋಲಿನಿಂದ ಮೋಟಾರ್ ಸೈಕಲ್ಲಿನ ತನಕ ಎಲ್ಲಕ್ಕೂ ಪೂಜೆ. ಆಸ್ಪತ್ರೆಯಲ್ಲೂ ಕಂಪ್ಯೂಟರು ಆರಿಸಿ, ಒರೆಸಿ, ಹೂ ಏರಿಸಿದರು. ಬಸವಣ್ಣೆವ್ವ ತನ್ನ ಡಬ್ಬಿಯನ್ನು ಬಿಡುತ್ತಾಳೆಯೇ? ವೈರು ಕಿತ್ತು ಕೆಳಗಿಳಿಸಿ, ಧೂಳು ಕೊಡವಿ, ಮೂರೆಳೆ ವಿಭೂತಿ ಬಳಿದು, ಚೆಂಡು ಹೂ ಇಟ್ಟು ಕೈ ಮುಗಿದಳು. ಮತ್ತೆ ಮೊಳೆಗೆ ಹಾಕುವಾಗ ವೈರು ಹಳದಿ ತೂತಿಗೆ ಹೋಯಿತು. ತೂತು ತೂತೇ ಅಲ್ಲವೇ, ಯಾರು ಹೇಳಿದ್ದರು ಆಕೆಗೆ?

ದಸರಾ ಕಳೆದ ಮರುದಿನ ಬೆಳಿಗ್ಗೆ ಎಲ್ಲ ಕಂಪ್ಯೂಟರುಗಳನ್ನೂ ಒಟ್ಟಿಗೆ ಚಾಲೂ ಮಾಡಿದರು. ಕಂಪ್ಯೂಟರು ಎದ್ದ ಕೂಡಲೇ ಜಾಲದೊಳಗೆ ಕೂಗಿ ಕೇಳುತ್ತದೆ: ನನ್ನ ನಂಬರು ಯಾವುದು, ನಾನು ಹೋಗಬೇಕಾದ ದಾರಿ ಯಾವುದು? ಅದಕ್ಕೆ ಉತ್ತರಿಸಬೇಕಾದ ಯಂತ್ರ ಬೆಳಗಾವಿಯಲ್ಲಿದೆ. ಆದರೆ ಕೇಳಿದ ಕಂಪ್ಯೂಟರು ನೀನು ಯಾರು ಎಂದು ವಿಚಾರಿಸುವುದಿಲ್ಲ. ಮೊದಲು ಯಾರು ಉತ್ತರಿಸಿದರೋ ಅವರ ಮಾತನ್ನೇ ನಂಬಿಬಿಡುತ್ತದೆ. ಬಸವಣ್ಣೆವ್ವನ ಡಬ್ಬಿ ಅದೇ ಕಟ್ಟಡದಲ್ಲಿತ್ತು, ಬೆಳಗಾವಿಗಿಂತ ಮುಂಚೆ ಉತ್ತರ ಕೊಟ್ಟಿತು. ಎಲ್ಲಕ್ಕೂ ತಪ್ಪು ನಂಬರು, ತಪ್ಪು ದಾರಿ.

ನನಗೆ ಫೋನ್ ಬಂದು ನಾನು ಖಾನಾಪುರ ಮುಟ್ಟುವ ಹೊತ್ತಿಗೆ ಎರಡು ತಾಸು ಕಳೆದಿತ್ತು. ಹೆಸರು ಬರೆಸುವಲ್ಲಿ ಸಾಲು ಗೇಟಿನ ತನಕ ಬಂದಿತ್ತು. ಗಂಗಾದೇವಿ ಎಂಬ ತುಂಬಿದ ಬಸುರಿಯ ರಕ್ತದ ವರದಿ ಬೆಳಗಾವಿಯಲ್ಲಿ ತಯಾರಿದ್ದರೂ ಇಲ್ಲಿಯ ವೈದ್ಯರ ಪರದೆಗೆ ಬಾರದೆ, ಆಕೆಯನ್ನೇ ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಕಳಿಸಿದ್ದರು. ತಾಯಿ, ಮಗು ಕ್ಷೇಮವಾಗಿ ಪಾರಾದರು, ಅದೊಂದು ಪುಣ್ಯ. ಆದರೆ ಅವರ ಮಂದಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಇದು ಯಾರ ತಪ್ಪು ಎಂದು ಕೇಳಿದ ಪ್ರಶ್ನೆಗೆ ಯಾರಾದರೂ ಉತ್ತರ ಹೇಳಲೇಬೇಕಿತ್ತು.

ಸ್ಟೂಲಿನ ಮೇಲೆ ಕುಳಿತು ಹುಡುಕಿದೆ. ತಪ್ಪು ಉತ್ತರ ಹದಿನೇಳನೆಯ ತೂತಿನಿಂದ ಬರುತ್ತಿತ್ತು. ಆ ವೈರು ಎಲ್ಲಿಗೆ ಹೋಗುತ್ತದೆಂದು ನನಗೆ ನೋಡಬೇಕಾಗಿಯೇ ಇರಲಿಲ್ಲ. ಎದ್ದು ಹೋಗಿ ಕಿತ್ತೆ. ಎಲ್ಲ ಕಂಪ್ಯೂಟರುಗಳನ್ನೂ ಆರಿಸಿ ಮತ್ತೆ ಹಚ್ಚಿಸಿದೆ, ಹತ್ತು ನಿಮಿಷದಲ್ಲಿ ಜಾಲ ಸರಿಹೋಯಿತು. ಡಬ್ಬಿಯ ಮೇಲೆ ವಿಭೂತಿ ಇನ್ನೂ ಹಸನಾಗಿತ್ತು.

ಬೆಳಗಾವಿಯಿಂದ ಆಡಳಿತಾಧಿಕಾರಿ ಶಶಿಧರ ಸಾಹೇಬರು ವರದಿ ಕೇಳಿದರು. ಸಹಾಯಕರ ಕೋಣೆಯಲ್ಲಿ ಅನುಮತಿ ಇಲ್ಲದ ಡಬ್ಬಿ ಸಿಕ್ಕಿದೆ ಎಂದು ಬರೆದು ಕಳಿಸಿದೆ. ಎರಡು ವರ್ಷದ ಹಿಂದಿನ ಮಧ್ಯಾಹ್ನದ ಬಗ್ಗೆ ಬರೆಯಲಿಲ್ಲ. ಮುಂದಿನ ತಿಂಗಳು ನನ್ನ ಗುತ್ತಿಗೆ ನವೀಕರಣವಿತ್ತು.

ಎರಡು ದಿನ ಬಿಟ್ಟು ವಿಚಾರಣೆ ಇಟ್ಟರು. ಬಸವಣ್ಣೆವ್ವ ಬೆಳಗಿನ ಬಸ್ಸಿಗೆ ಬೆಳಗಾವಿಗೆ ಬಂದಳು. ಸೆರಗಿನ ತುದಿಯಲ್ಲಿ ಬನ್ನಿ ಎಲೆ ಕಟ್ಟಿ ತಂದಿದ್ದಳು. ಸಾಹೇಬರಿಗೂ ಕೊಟ್ಟಳು, ನನಗೂ ಕೊಟ್ಟಳು. "ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದು ಎಂದಿನಂತೆಯೇ ಹೇಳಿದಳು.

ಶಶಿಧರ ಸಾಹೇಬರು ಕೆಟ್ಟ ಮನುಷ್ಯರಲ್ಲ. ಕುರ್ಚಿ ತೋರಿಸಿ, "ಕುಂದರ್ರಿ ಮಾವಶಿ," ಎಂದರು. "ಆ ಡಬ್ಬಿ ಯಾರು ಹಚ್ಚಿದ್ರು?"

ಆಕೆ ನನ್ನ ಕಡೆ ನೋಡಿದಳು. ನಾನು ಅಂಗೈಯಲ್ಲಿದ್ದ ಬನ್ನಿ ಎಲೆ ನೋಡುತ್ತ ಕುಳಿತೆ.

"ನಾನ ಹಚ್ಚೀನ್ರಿ ಸಾಹೇಬ್ರ."

"ಯಾರನ್ನರ ಕೇಳಿದ್ರೇನು? ಯಾರರ ಹಚ್ಚಂತ ಹೇಳಿದ್ರೇನು?"

"ಯಾರನ್ನೂ ಕೇಳಿಲ್ರಿ."

ಸಾಹೇಬರು ನನ್ನತ್ತ ತಿರುಗಿದರು. "ರಾಮಲಿಂಗ, ನಿನಗೇನರ ಇದು ಗೊತ್ತಿತ್ತೇನು?"

"ಇಲ್ರಿ ಸರ್," ಎಂದೆ.

ನಾಳೆಯಿಂದ ಬರುವುದು ಬೇಡ ಎಂದು ಸಾಹೇಬರು ತಗ್ಗಿದ ದನಿಯಲ್ಲಿ ಹೇಳಿದರು. ಆಕೆ ಎದ್ದು ಸೆರಗು ಸರಿಮಾಡಿಕೊಂಡು, ರೂಢಿ ತಪ್ಪಿಸದೆ, "ಬರ್ತೀನ್ರಿ," ಎಂದಳು. ಬರಬೇಡ ಎಂದವರಿಗೇ ಬರ್ತೀನಿ ಎಂದಳಲ್ಲ, ಸಾಹೇಬರು ಮುಖ ಎತ್ತಲಿಲ್ಲ.

ಈಗ ನಾನು ಆವರೆಗೆ ಯಾರಿಗೂ ಹೇಳದಿದ್ದ ಸಂಗತಿ. ಇಂಥ ಸುಳ್ಳು ಉತ್ತರವನ್ನು ತಡೆಯುವ ವ್ಯವಸ್ಥೆ ಸ್ವಿಚ್ಚಿನೊಳಗೇ ಇರುತ್ತದೆ. ಡಿಎಚ್‌ಸಿಪಿ ಸ್ನೂಪಿಂಗ್ ಎನ್ನುತ್ತಾರೆ. ಬೆಳಗಾವಿಯಿಂದ ವೈರು ಬರುವ ತೂತೊಂದನ್ನೇ ನಂಬು, ಬೇರೆ ಯಾವ ತೂತಿನಿಂದ ಯಾರು ನಂಬರು ಹಂಚಲು ಬಂದರೂ ಅಲ್ಲೇ ತಡೆ ಎಂದು ಬರೆದಿಟ್ಟರೆ ಮುಗಿಯಿತು. ಅದನ್ನು ಮಾಡಬೇಕೆಂದು ನಾಲ್ಕು ವರ್ಷದಿಂದ ನನ್ನ ನೋಟುಬುಕ್ಕಿನಲ್ಲಿತ್ತು. ಆದರೆ ಮಾಡುವಾಗ ತೂತು ತಪ್ಪಿದರೆ ಇಡೀ ಶಾಖೆ ನಿಲ್ಲುತ್ತದೆ, ಆಮೇಲೆ ಬೈಗುಳ ತಿನ್ನುವವನು ನಾನು. ಅದಕ್ಕೇ ಮುಂದಿನ ವಾರ, ಮುಂದಿನ ವಾರ ಎನ್ನುತ್ತ ಬಂದೆ. ಅದಿದ್ದಿದ್ದರೆ ಬಸವಣ್ಣೆವ್ವ ಹಳದಿಗಲ್ಲ, ಎಲ್ಲಿಗೆ ಬೇಕಾದರೂ ವೈರು ಹಾಕಲಿ, ಪಡಸಾಲೆಯ ಮಂದಿಯ ಫೋನು ಅಷ್ಟೇ ನಿಲ್ಲುತ್ತಿತ್ತು. ಆಸ್ಪತ್ರೆಗೆ ಏನೂ ಆಗುತ್ತಿರಲಿಲ್ಲ.

ಆಕೆಯನ್ನು ತೆಗೆದ ಮುಂದಿನ ಶುಕ್ರವಾರ ಕುಳಿತು ಮಾಡಿದೆ. ನಾಲ್ಕೇ ಸಾಲು. ಗಡಿಯಾರ ನೋಡಿದೆ, ಇಪ್ಪತ್ತು ನಿಮಿಷ ಹಿಡಿದಿತ್ತು. ಕಿಟಕಿ ಇಲ್ಲದ ಆ ಕೋಣೆಯಲ್ಲಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ.

ಗುತ್ತಿಗೆ ನವೀಕರಣವಾಯಿತು. ಜಾಲ ಬಿಗಿ ಮಾಡಿದ್ದಕ್ಕೆ ಸಾಹೇಬರು ಹೊಗಳಿ ಪತ್ರವನ್ನೂ ಬರೆದರು. ಖಾನಾಪುರದ ಪಡಸಾಲೆಯ ಜನ ಮತ್ತೆ ರಸ್ತೆಗೆ ಓಡತೊಡಗಿದರು. ಕೆಲವರು ನನ್ನನ್ನೇ ನಿಲ್ಲಿಸಿ ಮಾವಶಿ ಎಲ್ಲಿ ಎಂದು ಕೇಳುತ್ತಿದ್ದರು. ಆಕೆಯ ಮನೆ ನಾನು ರೈಲು ಹಿಡಿಯುವ ಸ್ಟೇಷನ್ ದಾರಿಯಲ್ಲೇ ಇತ್ತು. ನಾನು ಪೇಟೆ ಸುತ್ತಿ ಸ್ಟೇಷನ್ನಿಗೆ ಹೋಗುವುದನ್ನು ಕಲಿತೆ. ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಉಣ್ಣುತ್ತಿದ್ದೆ. ಬಿಟ್ಟು ಹೋಗೋಣವೆಂದರೆ ಬೇರೆ ನೌಕರಿ ಇಲ್ಲ, ಹೇಳಿಬಿಡೋಣವೆಂದರೆ ಧೈರ್ಯವಿಲ್ಲ. ಹೀಗೇ ಒಂದು ವರ್ಷ ಕಳೆಯಿತು.

ಈ ವರ್ಷ ದಸರಾ ಮುಗಿದ ಮರುದಿನ ಸ್ಟೂಲಿನ ಮೇಲೆ ಕುಳಿತಿದ್ದೆ. ಹಿಂದೆ ದನಿ ಕೇಳಿಸಿತು.

"ರಾಮೂ, ಬನ್ನಿ ತಗೋ."

ಬಾಗಿಲ ತುಂಬ ಬಸವಣ್ಣೆವ್ವ ನಿಂತಿದ್ದಳು. ಆಸ್ಪತ್ರೆಯವರಿಗೆಲ್ಲ ಬನ್ನಿ ಕೊಡಲು ಬಂದಿದ್ದಳಂತೆ. ಆ ಕೋಣೆಗೆ ಇರುವುದು ಅದೊಂದೇ ಬಾಗಿಲು. ನಾನು ಎದ್ದು ಬಗ್ಗಿ ಕಾಲು ಮುಟ್ಟಿದೆ, ಬಗ್ಗಿದವನಿಗೆ ಏಳಲಾಗಲಿಲ್ಲ.

"ಮಾವಶಿ, ತಪ್ಪಾತು. ಇವತ್ತ ಸಾಹೇಬ್ರ ಮುಂದ ಎಲ್ಲಾ ಹೇಳ್ತೀನಿ. ನಾನ ಹಚ್ಚಂದೆ, ನಾನ ಹಚ್ಚಿಕೊಟ್ಟೆ ಅಂತ ಹೇಳ್ತೀನಿ."

"ಏಳು ಮೊದಲ," ಎಂದಳು. "ನನಗ ಸಿಟ್ಟು ಬಂದಿಲ್ಲಂತ ತಿಳೀಬ್ಯಾಡ. ಬಂದೈತಿ. ಅವತ್ತ ನೀ ಬಾಯಿ ತೆರೀತೀಯಂತ ಕಾದೆ. ತೆರೀಲಿಲ್ಲ. ನಿಮ್ಮಪ್ಪ ಕುರಿ ಬೆನ್ನ ಹತ್ತಿ ತಿರಗೂದು ನನ್ನ ಕಣ್ಣಿಗೆ ಕಟ್ಟಿತು. ಹೋಗ್ಲಿ, ಹುಡುಗ ಉಳೀಲಿ ಅಂದೆ. ಈಗ ನೀ ಹೋಗಿ ಹೇಳಿದ್ರ ನನ್ನೇನು ಕರೀತಾರೇನು? ನಿನ್ನೂ ಕಳಸ್ತಾರ. ಆಮ್ಯಾಲ ನಾ ಸುಮ್ನಿದ್ದದ್ದು ಯಾತಕ್ಕ ಬಂತು? ಬಾಯಿ ಮುಚ್ಕೊಂಡು ದುಡಿ."

ಹೇಳುವ ಬಾಗಿಲನ್ನೂ ಆಕೆ ಹೀಗೆ ಮುಚ್ಚಿಬಿಟ್ಟಳು. ನಾನು ಬನ್ನಿ ಹಿಡಿದು ನಿಂತೆ. ಆಕೆ ಗೋಡೆಯ ಮೇಲೆ ಮಿಣುಕುತ್ತಿದ್ದ ಸ್ವಿಚ್ಚಿನ ದೀಪಗಳನ್ನು ನೋಡಿದಳು. ಎಷ್ಟಾದರೂ ತನ್ನದೇ ಆಸ್ಪತ್ರೆ, ಚಿಂತೆ ಬಿಡುತ್ತದೆಯೇ?

"ಈಗ ಯಾರರ ಹಂಗ ಡಬ್ಬಿ ಹಚ್ಚಿದ್ರ ಮತ್ತ ಎಲ್ಲಾ ನಿಲ್ತೈತೇನು?"

"ಇಲ್ರಿ ಮಾವಶಿ. ಈಗ ಇದ ತಡೀತೈತಿ. ನಾ ಹಂಗ ಮಾಡಿಟ್ಟೀನಿ."

"ಛಲೋ ಆತು." ಹೊರಡಲು ತಿರುಗಿದವಳು ನಿಂತಳು. "ಹಂಗಾರ ಇದನ್ನ ಮೊದಲ ಮಾಡಾಕ ಬರ್ತಿದ್ದಿಲ್ಲೇನು?"

ಸುಳ್ಳು ಹೇಳಬಹುದಿತ್ತು. ಈ ಸಲ ನಾಲಗೆ ಹೊರಳಲಿಲ್ಲ.

"ಬರ್ತಿತ್ರಿ."

"ಎಷ್ಟು ಹೊತ್ತಿನ ಕೆಲಸ ಐತಿ?"

"ಇಪ್ಪತ್ತು ನಿಮಿಷ."

ಬೈದಿದ್ದರೆ ಬದುಕುತ್ತಿದ್ದೆ. ಬಸವಣ್ಣೆವ್ವ ಖಾಲಿ ಮೊಳೆಯತ್ತ ಒಮ್ಮೆ ಕತ್ತೆತ್ತಿ ನೋಡಿದಳು, ಸೆರಗಿನಲ್ಲಿ ಉಳಿದಿದ್ದ ಬನ್ನಿ ಎಲೆಗಳನ್ನು ಮತ್ತೆ ಗಂಟು ಕಟ್ಟಿದಳು.

"ಹೋಗ್ತೀನಿ," ಎಂದಳು.